ಸಮಾಲೋಚನಾ ಸಭೆಯಲ್ಲಿ ಗಣಿತಕ್ಕೂ ಹೊತ್ತು ಸಿಗಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಮಕ್ಕಳು ಗಣಿತದಲ್ಲಿ ಹಿಂದುಳಿದ ಬಗ್ಗೆ ಚರ್ಚೆ ಏಳುತ್ತದೆ. ಬೆನ್ನಿಗೇ ವಿಶೇಷ ತರಗತಿ, ಸರಣಿ ಪರೀಕ್ಷೆಗಳ ಸಲಹೆಯೂ ಬರುತ್ತದೆ. ಗಣಿತ ಕಲಿಸುವವರು ತಮ್ಮತಮ್ಮಲ್ಲಿ ಕೂತು ಗಣಿತದ ಮಾತಾಡಲು ಜಾಗ ಎಲ್ಲಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಆರರಿಂದ ಎಂಟನೇ ತರಗತಿಗೆ ಗಣಿತ ಕಲಿಸುವ ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಒಂದು ಅನುಭವ ಹೇಳುತ್ತೇನೆ. 0.5 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದು ಆರನೇ ತರಗತಿಯಲ್ಲಿ ಕೇಳಿದಾಗ ಹಲವರು 0.35 ಎಂದು ಬರೆದರು. ತಂದೆಯ ಜೊತೆ ಬ್ಯಾಡಗಿ ಪೇಟೆಗೆ ಹೋಗಿ ಮೆಣಸಿನಕಾಯಿ ತೂಗಿಸಿಕೊಂಡು ಬರುವ ಹುಡುಗನೂ ಅವರಲ್ಲಿದ್ದ. ಅರ್ಧ ಕಿಲೋ ಎಂದರೆ 350 ಗ್ರಾಮಿಗಿಂತ ಹೆಚ್ಚು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಬಿಂದುವಿನ ಬಲಕ್ಕಿರುವ 35 ಅವನ ಕಣ್ಣಿಗೆ ಬರೀ ಮೂವತ್ತೈದಾಗಿ ಕಾಣುತ್ತದೆ. ‘ಸೊನ್ನೆ ಪಾಯಿಂಟ್ ಮೂವತ್ತೈದು’ ಎಂದು ಓದಿ ಹೇಳಿಕೊಟ್ಟವನು ನಾನೇ ಆದ್ದರಿಂದ ತಪ್ಪಿನ ಮೂಲ ಹುಡುಕಲು ದೂರ ಹೋಗಬೇಕಿಲ್ಲ. 0.5ರ ಮುಂದೆ ಸೊನ್ನೆ ಹಚ್ಚಿ 0.50 ಮಾಡಿ ತೋರಿಸಿದೆ, ಎಲ್ಲರೂ ತಿದ್ದಿಕೊಂಡರು, ಪಾಠ ಮುಗಿಯಿತೆಂದುಕೊಂಡೆ.

ಅದೇ ವಾರ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದೂರಿನ ಹಿರಿಯ ಶಿಕ್ಷಕಿಯೊಬ್ಬರಿಗೆ ಇದನ್ನು ಹೇಳಿದೆ. ‘ಮೊದಲೇ ಸರಿ ಬರೆದವರಿಗೆ 0.3 ಮತ್ತು 0.47 ಕೊಟ್ಟು ನೋಡ್ರಿ ಸರ್’ ಎಂದರು. ಕೊಟ್ಟೆ. ಅವರಲ್ಲಿ ಕೆಲವರು 0.3 ದೊಡ್ಡದು ಎಂದರು. ಹತ್ತರಲ್ಲೊಂದು ಪಾಲು ನೂರರಲ್ಲೊಂದು ಪಾಲಿಗಿಂತ ದೊಡ್ಡದಾದ್ದರಿಂದ ಬಿಂದುವಿನ ಮುಂದೆ ಅಂಕಿ ಕಡಿಮೆಯಿದ್ದ ಸಂಖ್ಯೆಯೇ ದೊಡ್ಡದೆಂದು ಅವರು ತರ್ಕಿಸಿದ್ದರು. ಅಂದರೆ ಅವರ ಮೊದಲಿನ ಸರಿಯುತ್ತರವೂ ತಪ್ಪು ತಿಳಿವಳಿಕೆಯಿಂದಲೇ ಬಂದಿತ್ತು, ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ‘ಸರಿ’ ಹಾಕಿದ್ದೆ!

ಈ ಮಾತು ಬಸ್ ನಿಲ್ದಾಣದಲ್ಲಿ ಸಿಕ್ಕಿತೇ ಹೊರತು ಸಭೆಯಲ್ಲಲ್ಲ ಎಂಬುದೇ ನನ್ನ ತಕರಾರು. ಸಭೆಯ ಹೊತ್ತೆಲ್ಲ ಬಿಸಿಯೂಟದ ಲೆಕ್ಕ, ಮೊಟ್ಟೆ–ಬಾಳೆಹಣ್ಣಿನ ಮಾಹಿತಿ, ಸ್ಯಾಟ್ಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆ) ದಾಖಲಾತಿಗೇ ಸರಿಹೋಗಿತ್ತು. ಅವೂ ಆಗಬೇಕಾದ ಕೆಲಸಗಳೇ, ಅಲ್ಲವೆನ್ನುವುದಿಲ್ಲ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆ ಇರಬೇಕೆನ್ನುವಾಗ, ಆ ಗಂಟೆಗಳಲ್ಲಿ ಕೆಲವಾದರೂ ಮಕ್ಕಳ ನೋಟುಪುಸ್ತಕಗಳನ್ನು ಮುಂದಿಟ್ಟುಕೊಂಡು ಕಳೆಯುವಂತಾಗಬೇಕಲ್ಲವೇ?

ಜಪಾನಿನ ಶಿಕ್ಷಕರಲ್ಲಿ ಶತಮಾನಕ್ಕೂ ಹಳೆಯದಾದ ಒಂದು ರೂಢಿಯಿದೆ. ನಾಲ್ಕಾರು ಜನ ಕೂಡಿ ಒಂದೇ ಪಾಠವನ್ನು ಸಿದ್ಧಪಡಿಸುತ್ತಾರೆ, ಒಬ್ಬರು ಅದನ್ನು ಕಲಿಸುತ್ತಾರೆ, ಉಳಿದವರು ತರಗತಿಯಲ್ಲಿ ಕೂತು ಶಿಕ್ಷಕರನ್ನಲ್ಲ, ಮಕ್ಕಳು ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಗಮನಿಸುತ್ತಾರೆ. ಬಳಿಕ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ನಮ್ಮಲ್ಲಿ ತರಗತಿಗೆ ಹೊರಗಿನವರು ಬಂದರೆಂದರೆ ತಪಾಸಣೆ ಎಂದೇ ಅರ್ಥ, ಆ ಅಳುಕು ನನಗೂ ಇದೆ. ಆದ್ದರಿಂದ ನೋಡಲು ಬಂದವರ ಕೈಯಲ್ಲಿ ಅಂಕ ಕೊಡುವ ನಮೂನೆ ಇರಬಾರದು, ವರದಿಯೂ ಮೇಲೆ ಹೋಗಬಾರದು.

ಎರಡು ತಿಂಗಳಿಗೊಮ್ಮೆಯಾದರೂ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಗಣಿತ ಶಿಕ್ಷಕರು ಸರದಿಯಂತೆ ಒಂದೊಂದು ಶಾಲೆಯಲ್ಲಿ ಹೀಗೆ ಸೇರಲು ಶಿಕ್ಷಣ ಇಲಾಖೆ ಅನುವು ಮಾಡಿಕೊಡಬೇಕು. ಗಣಿತಕ್ಕೆ ಒಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ಅಂದಿನ ತರಗತಿಗಳನ್ನು ಯಾರು ನೋಡಿಕೊಳ್ಳಬೇಕು ಎಂಬುದು ನಿಜವಾದ ತೊಡಕು. ಆ ಅರ್ಧ ದಿನಕ್ಕೆ ಓಓಡಿ (ಕರ್ತವ್ಯದ ಮೇಲೆ ಹೊರಹೋಗುವ ಅನುಮತಿ) ಮಂಜೂರು ಮಾಡುವುದರ ಜೊತೆಗೆ ಬದಲಿ ವ್ಯವಸ್ಥೆಯನ್ನೂ ಅದೇ ಆದೇಶದಲ್ಲಿ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ.

– ಗಣಿತ ಶಿಕ್ಷಕ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ