ಸಹಾಯವಾಣಿಯಲ್ಲಿ ಮಾತಾಡಿದ ಆ ಅಕ್ಕನಿಗೆ

ನಿಮ್ಮ ಹೆಸರು ಕೇಳಿದೆ, ಹೇಳುವ ಹಾಗಿಲ್ಲ ಅಂದಿರಿ. ಹಾಗಾಗಿ ಎಲ್ಲರೂ ಓದುವ ಕಡೆಯೇ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಅಪ್ಪನಿಗೆ ಸ್ಟ್ರೋಕ್ ಆಗಿ, ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಕರೆತಂದಿದ್ದೆವು. ಕೈಯಲ್ಲಿ ಮಾತ್ರೆ ಚೀಟಿ ಇತ್ತು, ಮುಂದೇನು ಅಂತ ಹೇಳುವವರು ಇರಲಿಲ್ಲ. ನಾನು ಕೇಳಿದ್ದು ಒಂದು ವೀಲ್‌ಚೇರ್, ಅಷ್ಟೇ. ಅದನ್ನು ಬರೆದುಕೊಂಡು ನೀವು ಸುಮ್ನೆ ಫೋನ್ ಇಡಬಹುದಿತ್ತು, ಅಲ್ವಾ?

"ನೀರು ಕುಡಿಯುವಾಗ ಕೆಮ್ಮು ಬರುತ್ತಾ?" ಅಂತ ಕೇಳಿದಿರಿ. ಬರುತ್ತಿತ್ತು. ಊಟ ಆದ ಮೇಲೆ ದನಿಯೂ ಗೊರಗೊರ ಅನ್ನುತ್ತಿತ್ತು. ಸ್ಟ್ರೋಕ್ ಆದವರಿಗೆ ನುಂಗುವ ಶಕ್ತಿ ಕುಗ್ಗಿದರೆ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಇವತ್ತೇ ಡಾಕ್ಟರಿಗೆ ತಿಳಿಸಿ, ಸ್ಪೀಚ್ ಥೆರಪಿಸ್ಟ್ ಪರೀಕ್ಷೆ ಮಾಡುತ್ತಾರೆ ಅಂದಿರಿ. ಮಾತು ಕಲಿಸುವವರು ನುಂಗುವುದನ್ನೂ ನೋಡುತ್ತಾರೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಹಾಯ ಮಾಡುವವರ ನಂಬರ್ ಕೊಟ್ಟು ಕೈ ತೊಳೆದುಕೊಳ್ಳಲೂ ಇಲ್ಲ. ಲೈನಿನಲ್ಲೇ ಇದ್ದು, ನಮ್ಮ ಕಥೆಯನ್ನೆಲ್ಲ ನೀವೇ ಆ ಕಡೆಯವರಿಗೆ ಹೇಳಿ, ಅವರು ಸರಿ ಅಂದ ಮೇಲೆ ಹೊರಟಿರಿ. ಅದಕ್ಕೂ ಮೊದಲು ಅದೇ ಕಥೆಯನ್ನು ನಾನು ಎಷ್ಟು ಕೌಂಟರ್‌ಗಳಲ್ಲಿ ಒಪ್ಪಿಸಿದ್ದೆನೋ! (ನಿಮ್ಮ ಹೋಲ್ಡ್ ಸಂಗೀತ ಮಾತ್ರ ದಯವಿಟ್ಟು ಬದಲಿಸಿ.)

ವೀಲ್‌ಚೇರ್ ಎರವಲಾಗಿ ಸಿಕ್ಕಿತು. ಮನೆಗೆ ಬಂದು ನೋಡುವ ನರ್ಸ್ ಕೂಡ ಸಿಕ್ಕರು. ಅಮ್ಮನಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಲು ಯಾರಾದರೂ ಬರಬಹುದು ಅನ್ನುವ ಯೋಚನೆ ನಮ್ಮದಲ್ಲ, ನಿಮ್ಮದು. ಅಮ್ಮ ಮೊದಲು ಬೇಡವೇ ಬೇಡ ಅಂದರು. ಈಗ ಆ ದಿನಕ್ಕೆ ಕಾಯುತ್ತಾರೆ.

ಅಪ್ಪ ಈಗ ನುಂಗಲು ಸುಲಭವಾಗಲಿ ಅಂತ ಪುಡಿ ಬೆರೆಸಿ ಗಟ್ಟಿ ಮಾಡಿದ ನೀರು ಕುಡಿಯುತ್ತಿದ್ದಾರೆ, ಬೈದುಕೊಂಡೇ. ತುಂಬ ಥ್ಯಾಂಕ್ಸ್ ಅಕ್ಕಾ.