ಮೊದಲು ಭಾಮೈದನಿಗೆ, ಆಮೇಲೆ ನಿಮಗೆಲ್ಲ

ಕಾಯಿಲೆಯಿಂದ ಎದ್ದು ಮೊನ್ನೆ ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಸ್ಟೇಜ್ ಹತ್ತಿದ ಮೇಲೆ ಫೋನು, ಮೆಸೇಜು ನಿಂತೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ, ಬೆರಳು ಇನ್ನೂ ಬೇಗ ಸೋಲುತ್ತವೆ. ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ. ಪ್ರೈಜ್ ಏನೂ ಬಂದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 80 ಕೆಜಿ ವಿಭಾಗದಲ್ಲಿ ನಿಲ್ಲುತ್ತಿದ್ದವನು ಈ ಸಲ 70ರಲ್ಲಿ ನಿಂತೆ. ಬೆನ್ನು ತಿರುಗಿಸಿ ಪೋಸ್ ಕೊಡುವಾಗ ಎರಡೂ ಮೀನಖಂಡ ಸೊರಗಿರುವುದು ಜಡ್ಜ್‌ಗಳಿಗಷ್ಟೇ ಅಲ್ಲ, ಕೊನೆ ಸಾಲಿನಲ್ಲಿ ಶೇಂಗಾ ತಿನ್ನುತ್ತಾ ಕೂತವರಿಗೂ ಕಂಡಿರುತ್ತದೆ. ಏಳೂ ಪೋಸ್ ಮುಗಿಸಿ ನನ್ನ ಕಾಲ ಮೇಲೆ ನಾನೇ ಇಳಿದು ಬಂದೆ.

ಏನಾಗಿತ್ತು ಅಂತ ನಿಮಗೆ ಗೊತ್ತೇ ಇದೆ. ಜಿಬಿಎಸ್, ಅಂದರೆ ಗಿಯಾನ್-ಬಾರೆ ಸಿಂಡ್ರೋಮ್ ಅನ್ನುವ ನರದ ಕಾಯಿಲೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಒಮ್ಮೆಲೇ ತುಂಬಾ ಜನಕ್ಕೆ ಬಂದು ಪೇಪರ್‌ನಲ್ಲೆಲ್ಲ ಸುದ್ದಿಯಾಯಿತಲ್ಲ, ಅದೇ. ಮೈಯ ರಕ್ಷಣೆಗೆ ಇರುವ ಶಕ್ತಿಯೇ ತಿರುಗಿ ನಮ್ಮ ನರಗಳ ಮೇಲೆ ಬೀಳುತ್ತದೆ. ಪಾದದಿಂದ ಶುರುವಾಗಿ ಬಲ ಹೋಗುತ್ತಾ ಹೋಗುತ್ತಾ ಎದೆಯವರೆಗೂ ಬರಬಹುದು. ಉಳಿದದ್ದು ಬೇಡ ಬಿಡಿ.

ಆದರೆ ಒಂದು ಮಾತು. ‘ಇಂಜೆಕ್ಷನ್ ಹಾಕ್ಕೊಂಡು ಮೈ ಬೆಳೆಸಿದ್ದ, ಈಗ ಅನುಭವಿಸ್ತಿದಾನೆ’ ಅಂತ ಆಡಿಕೊಂಡವರು ಇದ್ದಾರೆ. 2021ರಲ್ಲಿ ಅಪ್ಪು ಹೋದಾಗಿನಿಂದ ಜಿಮ್‌ಗೆ ಹೋಗುವವನು ಕೆಮ್ಮಿದರೂ ಜನ ಜಿಮ್ಮನ್ನೇ ಬೈಯುತ್ತಾರೆ. ನಾನು ಮೊಟ್ಟೆ, ಶೇಂಗಾ, ಮುದ್ದೆ, ಕೋಳಿ ತಿಂದು ಬೆಳೆದವನು. ಸ್ಟಿರಾಯ್ಡ್ ಮುಟ್ಟಿಲ್ಲ. ತಮಾಷೆ ಏನು ಗೊತ್ತಾ, ಡಾಕ್ಟರು ಎಷ್ಟೋ ಕಾಯಿಲೆಗೆ ಔಷಧಿಯಾಗಿ ಕೊಡುವ ಸ್ಟಿರಾಯ್ಡ್ (ಅದು ಬೇರೆ ಜಾತಿಯದು) ಕೂಡ ಜಿಬಿಎಸ್‌ಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ಆಸ್ಪತ್ರೆಯಲ್ಲೂ ನಾನು ನ್ಯಾಚುರಲ್ ಆಗಿಯೇ ಉಳಿದೆ.

ನನಗೆ ಕೊಟ್ಟಿದ್ದು ಇಮ್ಯುನೋಗ್ಲಾಬುಲಿನ್, ಬೇರೆಯವರ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನ್. ಅದರ ಲೆಕ್ಕ ಮೈತೂಕದ ಮೇಲೆ. ಕೆಜಿಗೆ ಒಟ್ಟು 2 ಗ್ರಾಂ, 5 ದಿನಕ್ಕೆ ಹಂಚಿ ಏರಿಸುತ್ತಾರೆ. ಆಗ ನಾನು 80 ಕೆಜಿ, ಅಂದರೆ 160 ಗ್ರಾಂ. ವರ್ಷಗಟ್ಟಲೆ ಬೆವರು ಹರಿಸಿ ಏರಿಸಿದ ಒಂದೊಂದು ಕೆಜಿಗೂ ಬಿಲ್ ಬಂತು. ಹೆಂಡತಿ ಆ ಬಿಲ್ ನೋಡಿ ‘ಇನ್ನೊಂದ್ಸಲ ಬಲ್ಕ್ ಮಾಡಿ ತೂಕ ಏರಿಸ್ತೀನಿ ಅನ್ನು, ನೋಡ್ತೀನಿ’ ಅಂದಳು. ಆದರೆ ಆ ಔಷಧಿಯ ಒಂದು ಬ್ಯಾಚ್ ಮಾಡಲು ಸಾವಿರಾರು ಜನ ದಾನ ಮಾಡಿದ ಪ್ಲಾಸ್ಮಾ (ರಕ್ತದ ದ್ರವ ಭಾಗ) ಸೇರಿಸಬೇಕು ಅಂತ ಗೊತ್ತಾದ ಮೇಲೆ ಬಿಲ್ಲಿನ ಸಿಟ್ಟು ಇಳಿಯಿತು. ಅವರು ಯಾರು, ಯಾವ ಊರಿನವರು ಒಂದೂ ಗೊತ್ತಿಲ್ಲ. ಅವರೆಲ್ಲರಿಗೂ ನಮಸ್ಕಾರ.

ಈಗ ಭಾಮೈದನ ವಿಷಯಕ್ಕೆ ಬರುತ್ತೇನೆ. ಹೆಸರು ಹಾಕಬೇಡ ಅಂದಿದ್ದಾನೆ, ಹಾಕುವುದಿಲ್ಲ. ದಾವಣಗೆರೆಯವರಿಗೆ ಹೇಗೂ ಗೊತ್ತಾಗುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಚೀಲ ಎಣಿಸಿ ಲೆಕ್ಕ ಬರೆಯುತ್ತಾನೆ. ಜನ್ಮದಲ್ಲಿ ಜಿಮ್ ಮೆಟ್ಟಿಲು ಹತ್ತಿದವನಲ್ಲ. ನಾನು ಡಯಟ್‌ನಲ್ಲಿದ್ದಾಗ ಬೇಕಂತಲೇ ಎದುರಿಗೆ ಕೂತು ಮಂಡಕ್ಕಿ-ಮಿರ್ಚಿ ತಿನ್ನುವ ಆಸಾಮಿ. ‘ಮಾಮ, ಆ ಕಬ್ಬಿಣ ಎತ್ತಿ ಇಟ್ಟು, ಎತ್ತಿ ಇಟ್ಟು, ಕೊನೆಗೆ ಎಲ್ಲಿತ್ತೋ ಅಲ್ಲೇ ಇಡ್ತೀಯಲ್ಲ’ ಅಂತ ನಗುತ್ತಿದ್ದ.

ಕಾಯಿಲೆ ಜೋರಾದ ಆ ರಾತ್ರಿ ಐಸಿಯುನಲ್ಲಿ ಬೆಡ್ ಖಾಲಿ ಇರಲಿಲ್ಲ. ನಾನು ವಾರ್ಡ್‌ನಲ್ಲಿದ್ದೆ, ಜೊತೆಗೆ ಒಬ್ಬರೇ ಇರಬಹುದಿತ್ತು, ಅವನು ಇದ್ದ. ಡಾಕ್ಟರು ಹೋಗುವಾಗ ಒಂದು ಪರೀಕ್ಷೆ ಹೇಳಿಕೊಟ್ಟು ಹೋಗಿದ್ದರು. ಪೂರ್ತಿ ಉಸಿರು ಎಳೆದುಕೊಂಡು ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಬೇಕು, ಮತ್ತೆ ಉಸಿರು ಎಳೆಯದೆ ಎಲ್ಲಿಯವರೆಗೆ ಹೋಗುತ್ತದೋ ನೋಡಬೇಕು. ಚೆನ್ನಾಗಿರುವವರು ಸುಲಭವಾಗಿ 40ರ ಹತ್ತಿರ ಹೋಗುತ್ತಾರೆ. 20ರ ಕೆಳಗೆ ಬಂದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಅಂತ ಅರ್ಥ. ಭಾಮೈದ ಔಷಧಿ ಬಿಲ್ಲಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದ. ಒಂದು ಕಡೆ ಗಂಟೆ, ಇನ್ನೊಂದು ಕಡೆ ನನ್ನ ಎಣಿಕೆ. ಥೇಟ್ ಚೀಲದ ಲೆಕ್ಕ.

ನಡುನಡುವೆ ನನ್ನನ್ನು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಿದ್ದ. ಕೈಕಾಲು ಆಡದ 80 ಕೆಜಿಯನ್ನು ಹೊರಳಿಸುವುದು ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ಗಿಂತ ಕಷ್ಟ. ‘ಇಷ್ಟೆಲ್ಲ ಬೆಳೆಸ್ಕೊಂಡಿದ್ಯಾಕೋ ಮಾಮ’ ಅಂತ ಬೈಯುತ್ತಲೇ ಮಾಡಿದ. ಮುಖದ ಬಲವೂ ಹೋಗಿದ್ದರಿಂದ ನನಗೆ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ಅತ್ತರೆ ಮುಚ್ಚಿಡುವ ಹಾಗೂ ಇಲ್ಲ, ಒರೆಸಿಕೊಳ್ಳಲು ಕೈ ಏಳುವುದಿಲ್ಲ. ಒದ್ದೆ ಬಟ್ಟೆ ಹಿಡಿದು ಅವನೇ ಒರೆಸುತ್ತಿದ್ದ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಬೆಳಗಿನ ಜಾವ ನಾನು ತೊದಲುತ್ತಾ ‘ಸಾಕು ಬಿಡೋ, ಹೋಗ್ಲಿ’ ಅಂದೆ. ಸುಮ್ನೆ ಅಂದ ಮಾತಲ್ಲ. ಆ ಹೊತ್ತಿನಲ್ಲಿ ನಿಜವಾಗಿಯೂ ಹೋಗುವುದೇ ವಾಸಿ ಅನ್ನಿಸಿತ್ತು, ಹೆಂಡತಿ ಮಗು ಯಾರೂ ನೆನಪಾಗಲಿಲ್ಲ. ಅವನು ‘ಆಯ್ತು ಬಿಡ್ತೀನಿ, ಇನ್ನೊಂದ್ಸಲ ಎಣಿಸು’ ಅಂದ.

ಎಣಿಸಿದೆ. 17ಕ್ಕೆ ನಿಂತಿತು. ಅವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಆ ಬಿಲ್ ಹಿಡಿದು ಓಡಿದ. ಬಾಯಲ್ಲಿ ಹೇಳಿದ್ದರೆ ‘ಗಾಬರಿ ಆಗಬೇಡಿ’ ಅಂತ ಕಳಿಸುತ್ತಿದ್ದರೋ ಏನೋ. ಗಂಟೆಗಂಟೆಗೂ ಇಳಿಯುತ್ತಾ ಬಂದ ಲೆಕ್ಕ ಕಣ್ಣೆದುರಿಗೆ ಇದ್ದಾಗ ಡ್ಯೂಟಿ ಡಾಕ್ಟರು ಎದ್ದೇ ಬಂದರು. ಬೆಳಕು ಹರಿಯುವ ಮೊದಲು ನಾನು ಐಸಿಯುನಲ್ಲಿದ್ದೆ.

ಇರಲಿ. ನೀವೆಲ್ಲ ‘ನಿನ್ನ ಛಲ ದೊಡ್ಡದು’ ಅಂತ ಬರೆಯುತ್ತಿದ್ದೀರಿ. ಓದಲು ಖುಷಿಯೇ. ಆದರೆ ಆ ರಾತ್ರಿ ಛಲ ನನ್ನ ಹತ್ತಿರ ಇರಲಿಲ್ಲ, ಅವನ ಹತ್ತಿರ ಇತ್ತು. ನಮ್ಮ ಜಿಮ್ ಗೋಡೆಯಲ್ಲಿ ಮನೋಹರ್ ಐಚ್ ಅವರ ಫೋಟೋ ಇದೆ. 4 ಅಡಿ 11 ಇಂಚಿನ ಮನುಷ್ಯ, 1952ರಲ್ಲಿ ಮಿಸ್ಟರ್ ಯೂನಿವರ್ಸ್ ಆದವರು, ಬ್ರಿಟಿಷರ ಜೈಲಿನಲ್ಲಿ ಸಾಮಾನಿಲ್ಲದೆ ಮೈ ಬೆಳೆಸಿದವರು. ಹೊಸ ಹುಡುಗರಿಗೆಲ್ಲ ನಾನು ಆ ಕಥೆ ಹೇಳುತ್ತಿದ್ದೆ. ಹಾಸಿಗೆಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಜೈಲಿನಲ್ಲಿ ಅವರ ಕೈಕಾಲು ಆಡುತ್ತಿತ್ತಲ್ಲ!

ಜಿಮ್ ಕಲಿಸಿದ್ದು ಉಪಯೋಗಕ್ಕೆ ಬಂದದ್ದು ಆಮೇಲೆ, ಅದೂ ಅರ್ಧ ಮಾತ್ರ. ಸುಸ್ತಾದ ಮೇಲೂ ಎತ್ತುವ ಕೊನೆಯ ಎರಡು ರೆಪ್‌ಗೇ ಬೆಲೆ ಅಂತ ನಂಬಿದವನಿಗೆ ಫಿಸಿಯೋ ಮೇಡಂ ‘ಸುಸ್ತಾಗುವ ಮುಂಚೆ ನಿಲ್ಲಿಸಿ’ ಅಂದರು. ಈ ಕಾಯಿಲೆಯಲ್ಲಿ ಜಾಸ್ತಿ ದುಡಿಸಿದರೆ ಸ್ನಾಯು ಮತ್ತೆ ಹಿಂದೆ ಹೋಗಬಹುದು. ನರದ ಒಳಗಿನ ಎಳೆಯೇ ಕೆಟ್ಟಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದ ಎಷ್ಟು ದೂರ, ನೀವೇ ಲೆಕ್ಕ ಹಾಕಿಕೊಳ್ಳಿ. ನ್ಯಾಚುರಲ್ ಆಗಿ ಮೈ ಬೆಳೆಸುವವರಿಗೆ ಇಂಥ ನಿಧಾನ ಹೊಸದೇನಲ್ಲ, ತಿಂಗಳುಗಟ್ಟಲೆ ಟೇಪ್ ಹಿಡಿದರೂ ತೋಳು ಅಲ್ಲೇ ಇರುವುದನ್ನು ನೋಡಿದವರು ನಾವು. ಅಷ್ಟು ತಾಳ್ಮೆ ಕೈಯಲ್ಲಿತ್ತು. ಆದರೂ 20 ಕೆಜಿಯ ಖಾಲಿ ಬಾರ್ ಹೊತ್ತು ಕೂತು ಎದ್ದಾಗ ಹುಡುಗರು ಚಪ್ಪಾಳೆ ಹೊಡೆದರಲ್ಲ, ಆಗ ನನಗೆ ಖುಷಿಗಿಂತ ಸಿಟ್ಟೇ ಬಂದಿತ್ತು. ಕ್ಷಮಿಸಿ ಹುಡುಗರೇ, ಈಗ ಬೇಕಾದರೆ ಹೊಡೆಯಿರಿ.

ರಾತ್ರಿ ಪಾಳಿಯ ಸಿಸ್ಟರ್‌ಗಳು, ಫಿಸಿಯೋ ಮೇಡಂ, ಕೆಲಸ ಹಂಚಿಕೊಂಡ ಆಫೀಸಿನವರು, ದುಡ್ಡು ಒಟ್ಟು ಮಾಡಿದ ಜಿಮ್ ಹುಡುಗರು, ಅಂಬಲಿ ಕುಡಿಸಿದ ಅಮ್ಮ, ಎಲ್ಲರಿಗೂ ಕೈ ಮುಗಿದೆ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಅದು ನಮ್ಮಿಬ್ಬರ ನಡುವೆ ಇರಲಿ.

ಇನ್ನು ಕೈಗಡದ ವಿಷಯ. ಯಾರು ಎಷ್ಟು ಕೊಟ್ಟಿದ್ದೀರಿ ಅಂತ ಭಾಮೈದ ಪಟ್ಟಿ ಮಾಡಿಟ್ಟಿದ್ದಾನೆ, ಅವನ ಲೆಕ್ಕ ತಪ್ಪುವುದಿಲ್ಲ. ಯುಗಾದಿಯೊಳಗೆ ಅರ್ಧ ತೀರಿಸುತ್ತೇನೆ. ‘ಬೇಡ’ ಅನ್ನುವವರು ಅವನ ಹತ್ತಿರವೇ ಮಾತಾಡಿ, ನನ್ನ ಹತ್ತಿರ ಬೇಡ. ಅದಕ್ಕೆ ಬದಲು ಬ್ಲಡ್ ಬ್ಯಾಂಕ್‌ಗೆ ಹೋಗಿ ಒಂದು ಸಲ ರಕ್ತ ಕೊಟ್ಟು ಬಂದರೆ, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಟಿಕ್ ಹಾಕಿಸುತ್ತೇನೆ.