ಜಲ್ಲಿಗೆ ಮೊದಲು ಒಂದು ಸರ್ವೆ

ಸಂಪಾದಕರೇ,

ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನು ನೋಡಿದ್ದೀರಾ? ದೂರದಿಂದ ಬರೀ ಬಂಡೆ. ಹತ್ತಿರ ಹೋದರೆ ಸುಮಾರು 4 ಸಾವಿರ ವರ್ಷ ಹಿಂದೆ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದ ಜನರ ಕಾರ್ಖಾನೆಯೇ ಅಲ್ಲಿದೆ. ಕೊಡಲಿ ಕಡೆದಾಗ ಉದುರಿದ ಚಕ್ಕೆಗಳು ಇನ್ನೂ ಕಾಲಿಗೆ ತಾಗುತ್ತವೆ. ಬಂಡೆ ಮೇಲೆ ಗೂಳಿಗಳ ಚಿತ್ರ ಕುಟ್ಟಿದ್ದಾರೆ, ಕೆಲವು ಬಂಡೆಗಳನ್ನು ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ.

ಇದೇ ಗುಡ್ಡಗಳಲ್ಲಿ ಕಲ್ಲು ಕ್ವಾರಿಯೂ ನಡೆದಿದೆ. ಆಗಿನವರಿಗೂ ಅಲ್ಲಿನ ಕಲ್ಲೇ ಬೇಕಿತ್ತು, ನಮಗೂ ಅದೇ ಬೇಕು, ಆದರೆ ಅವರು ಕೊಡಲಿಗೆ ಬೇಕಾದಷ್ಟು ತೆಗೆದರು, ನಾವು ಗುಡ್ಡವನ್ನೇ ಸಿಡಿಸಿ ಜಲ್ಲಿ ಮಾಡುತ್ತೇವೆ, ಅಲ್ವಾ?

ರಸ್ತೆ, ಮನೆಗೆ ಜಲ್ಲಿ ಬೇಡ ಅಂತ ನಾನು ಹೇಳುತ್ತಿಲ್ಲ. ತೊಂದರೆ ಇರುವುದು ಬೇರೆ ಕಡೆ. 2010ರಲ್ಲಿ ತಿದ್ದಿದ ಸ್ಮಾರಕ ಕಾಯ್ದೆ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಪಟ್ಟಿಯಲ್ಲೇ ಇಲ್ಲದ ಬೂದಿದಿಬ್ಬ, ಹೊಲದ ಅಂಚಿನ ಕಲ್ಲುಗೋರಿಗೆ ಈ ಲೆಕ್ಕ ಇಲ್ಲ. ಎಷ್ಟೋ ಜನರಿಗೆ ಬೂದಿದಿಬ್ಬ ಅಂದರೆ ಸುಮ್ನೆ ಮಣ್ಣಿನ ಗುಡ್ಡೆ. ಅದು ಹಳೆಯ ಕಾಲದ ದನದ ಸಗಣಿ ಸುಟ್ಟು ಆದದ್ದು ಅಂತ ಗೊತ್ತಾಗಬೇಕಾದರೆ ಬಲ್ಲವರು ಬಂದು ನೋಡಬೇಕು.

ಹಾಗಾಗಿ ಗುತ್ತಿಗೆ ಕೊಡುವ ಮೊದಲೇ ಪುರಾತತ್ವ ಬಲ್ಲವರು ಜಾಗವನ್ನು ನಡೆದು ನೋಡಲಿ. ಕಚೇರಿಯಲ್ಲಿ ಕೂತು ನಕ್ಷೆ ನೋಡಿ ಸಹಿ ಹಾಕಿದರೆ ಆಗುವುದಿಲ್ಲ. ಊರಿನ ಕುರಿಗಾಹಿಗಳನ್ನೂ ಕೇಳಲಿ, ಯಾವ ಬಂಡೆಯಲ್ಲಿ ಚಿತ್ರ ಇದೆ ಅಂತ ಅವರಿಗೇ ಜಾಸ್ತಿ ಗೊತ್ತು. ಆ ವರದಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲಿ.

– ಒಬ್ಬ ಓದುಗ, ಬಳ್ಳಾರಿ